ಕುಲಾಂತರಿ ಬೆಳೆಗಳೂ ನಮ್ಮ ಅಡಿಗೆಯ ಮನೆಯೂ

ಹೋದ ಜೂನ್ ತಿಂಗಳಲ್ಲಿ ಶಾಲೆಯು ತೆರೆದ ಮೊದಲನೆಯ ವಾರದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ಮಗಳನ್ನು ಎಂಟನೆಯ ತರಗತಿಗೆ ಸೇರಿಸುವುದಕ್ಕಾಗಿ ಬಂದಿದ್ದಳು. ಆಕೆಯ ಮನೆಯವರು ತರಕಾರಿಯ ಬೇಸಾಯ ಮಾಡುವವರು. ಯೋಗಕ್ಷೇಮದ ಮಾತುಗಳು ಮುಗಿದ ಮೇಲೆ ಆಕೆಯು ಸ್ವಲ್ಪ ಹೊತ್ತು ಸುಮ್ಮನಿದ್ದು, "ಟೀಚರೇ, ಬದನೆಯ ಗಿಡದೊಳಕ್ಕೇ ಹುಳುವನ್ನು ಕೊಲ್ಲುವ ವಿಷವನ್ನು ಸೇರಿಸುವ ವಿದ್ಯೆ ಬಂದಿದೆಯಂತೆ. ತಿಂದ ಹುಳು ಸಾಯುವುದಾದರೆ ತಿಂದ ಮಕ್ಕಳ ಗತಿಯೇನು? ಆದರೆ ಇನ್ನೊಂದು ಮಾತೂ ಉಂಟು. ನಮ್ಮವರು ಬದನೆಗೆ ಮದ್ದು ಹೊಡೆದು ಬಂದ ದಿನ ರಾತ್ರಿಯೆಲ್ಲಾ ತಲೆನೋವೆಂದು ಹೊರಳಾಡುತ್ತಾರೆ. ಮದ್ದು ಬೇಡದ ಬದನೆ ಇದ್ದರೆ ಎಷ್ಟೋ ಒಳ್ಳೆಯದೆಂದೂ ತೋರುತ್ತದೆ. ನೀವು ವಿಜ್ಞಾನ ಕಲಿಸಿದವರು, ನೀವೇ ಹೇಳಬೇಕು" ಎಂದು ಕೇಳಿದಳು.

ಅಷ್ಟರಲ್ಲಿ ಗಂಟೆ ಬಾರಿಸಿತು. ಅಂದು ನಾವು ಕೊಡಲಾರದೆ ಹೋದ ಉತ್ತರವನ್ನು ಈ ಸ್ಮರಣ ಸಂಚಿಕೆಯ ಪುಟಗಳಲ್ಲಿ ಕೊಡಬೇಕೆಂದಿರುವೆವು. ಇದೇ ಸಂದೇಹವು ಅನೇಕ ತಾಯಿತಂದೆಗಳ ಮನಸ್ಸಿನಲ್ಲಿಯೂ ಇರುವುದೆಂದು ನಾವು ಬಲ್ಲೆವು.

ಮೊದಲಿಗೆ ಒಂದು ಮಾತನ್ನು ಹೇಳಬೇಕಾಗಿದೆ. ಕುಲಾಂತರಿ ಬೆಳೆಗಳ ವಿಷಯದಲ್ಲಿ ಜನರು ವಾದಿಸುವಾಗ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಹಗ್ಗದಲ್ಲಿ ಹೊಸೆದುಬಿಡುವರು. ಒಂದನೆಯದು ಹೊಟ್ಟೆಯ ಪ್ರಶ್ನೆ: ತಿಂದರೆ ಕೇಡುಂಟೋ ಇಲ್ಲವೋ? ಎರಡನೆಯದು ಹೊಲದ ಪ್ರಶ್ನೆ: ಇದನ್ನು ಬೆಳೆದರೆ ನೆಲ, ಕೀಟ, ನೆರೆಯ ಗಿಡಗಳ ಮೇಲೆ ಏನು ಪರಿಣಾಮವಾಗುವುದು? ಮೂರನೆಯದು ಬೀಜದ ಪ್ರಶ್ನೆ: ಈ ಬೀಜವು ಯಾರ ಸೊತ್ತು? ಇವುಗಳಲ್ಲಿ ಒಂದರ ಉತ್ತರವು ಇನ್ನೊಂದಕ್ಕೆ ಉತ್ತರವಾಗಲಾರದು. ಆದುದರಿಂದ ಒಂದೊಂದನ್ನಾಗಿ ಬಿಡಿಸಿ ನೋಡುವುದೇ ನಮ್ಮ ಉದ್ದೇಶವಾಗಿದೆ.

ಪ್ರತಿಯೊಂದು ಜೀವಿಯ ಜೀವಕೋಶದಲ್ಲಿಯೂ ಡಿ.ಎನ್.ಎ. ಎಂಬ ನೂಲಿನಂಥ ವಸ್ತುವಿರುವುದು. ಅದರ ಎರಡೆಳೆಯ ಸುರುಳಿಯ ರೂಪವನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬವರು ಲೋಕಕ್ಕೆ ತಿಳಿಸಿದರು. ಈ ನೂಲಿನ ಮೇಲೆ, ಅಡಿಗೆಯ ಪುಸ್ತಕದಲ್ಲಿ ಒಂದೊಂದು ಪದಾರ್ಥವನ್ನು ಮಾಡುವ ಕ್ರಮವನ್ನು ಬರೆದಿಟ್ಟಂತೆ, ಒಂದೊಂದು ಪ್ರೋಟೀನನ್ನು ತಯಾರಿಸುವ ಕ್ರಮವು ಬರೆಯಲ್ಪಟ್ಟಿದೆ. ಅಂಥ ಒಂದೊಂದು ಬರಹಕ್ಕೆ ಜೀನು ಎಂದು ಹೆಸರು. ಬದನೆಯ ಬಣ್ಣವೂ ಮೆಣಸಿನ ಖಾರವೂ ಇಂಥ ಬರಹಗಳ ಫಲವೇ ಆಗಿರುವುವು. ಬದನೆಕಾಯಿಯನ್ನಾಗಲಿ ಅನ್ನವನ್ನಾಗಲಿ ತಿನ್ನುವಾಗ ನಾವು ಲೆಕ್ಕವಿಲ್ಲದಷ್ಟು ಜೀನುಗಳನ್ನು ತಿನ್ನುತ್ತಲೇ ಇರುವೆವು. ಅವೆಲ್ಲವೂ ಹೊಟ್ಟೆಯಲ್ಲಿ ಜೀರ್ಣವಾಗಿ ಹೋಗುವುವು. "ಆಹಾರದಲ್ಲಿ ಜೀನು ಸೇರಿದೆ" ಎಂಬಷ್ಟರಿಂದಲೇ ಹೆದರುವುದಕ್ಕೆ ಕಾರಣವಿಲ್ಲ.

ಮನುಷ್ಯನು ಬೆಳೆಗಳ ಜೀನುಗಳನ್ನು ಬದಲಾಯಿಸುತ್ತಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಒಳ್ಳೆಯ ಗಿಡದ ಬೀಜವನ್ನು ಆರಿಸಿಟ್ಟು ಬಿತ್ತಿದ ಮೊದಲನೆಯ ರೈತನೇ ಆ ಕೆಲಸವನ್ನು ಆರಂಭಿಸಿದನು. ಕೊಯಮುತ್ತೂರಿನ ಕಬ್ಬಿನ ಸಂಶೋಧನಾಲಯದಲ್ಲಿ ಸಿಹಿಯಾದ ಕಬ್ಬಿಗೆ ಕಾಡುಕಬ್ಬಿನ ಹುಲ್ಲನ್ನು ಕೂಡಿಸಿ ಪಡೆದ ಕೋ 205 ಎಂಬ ತಳಿಯು 1918ರಲ್ಲಿ ರೈತರ ಕೈಸೇರಿತು. ಅದೇ ಸಂಸ್ಥೆಯಲ್ಲಿ ತಲಚೇರಿಯ ಜಾನಕಿ ಅಮ್ಮಾಳ್ ಎಂಬ ವಿದುಷಿಯು ಕಬ್ಬನ್ನು ಜೋಳದ ಜಾತಿಯ ಇತರ ಹುಲ್ಲುಗಳೊಡನೆ ಕೂಡಿಸುವ ಪ್ರಯೋಗಗಳನ್ನು ನಡೆಸಿ ಲೋಕಪ್ರಸಿದ್ಧಳಾದಳು. ನಮ್ಮ ಹುಡುಗಿಯರು ಈ ಹೆಸರನ್ನು ಮರೆಯಬಾರದು. ಮುಂದೆ ಬೀಜಗಳ ಮೇಲೆ ವಿಕಿರಣವನ್ನು ಹಾಯಿಸಿ, ಅದರಿಂದ ಗೊತ್ತುಗುರಿಯಿಲ್ಲದೆ ಉಂಟಾದ ಬದಲಾವಣೆಗಳಲ್ಲಿ ಒಳ್ಳೆಯವನ್ನು ಆರಿಸಿಕೊಳ್ಳುವ ಪದ್ಧತಿಯೂ ಬಂದಿತು. ಟ್ರಾಂಬೆಯ ಭಾಭಾ ಪರಮಾಣು ಸಂಶೋಧನಾ ಕೇಂದ್ರದಲ್ಲಿ ಹೀಗೆ ಹುಟ್ಟಿದ ನೆಲಗಡಲೆಯ ತಳಿಗಳು ಇಂದು ನಮ್ಮ ದೇಶದ ಹೊಲಗಳಲ್ಲಿ ಬೆಳೆಯುತ್ತಿರುವುವು.

ಹಾಗಾದರೆ ಕುಲಾಂತರಿಯ ವಿಶೇಷವೇನು? ಹಳೆಯ ಪದ್ಧತಿಯಲ್ಲಿ ಎರಡು ಪುಸ್ತಕಗಳ ಸಾವಿರಾರು ಪುಟಗಳನ್ನು ಕಲಸಿ ಹೊಸ ಪುಸ್ತಕವನ್ನು ಕಟ್ಟುತ್ತಿದ್ದರು. ಅದೂ ಹತ್ತಿರದ ನಂಟಿನ ಸಸ್ಯಗಳಲ್ಲಿ ಮಾತ್ರ ಸಾಧ್ಯವಾಗಿತ್ತು. ಹೊಸ ಪದ್ಧತಿಯಲ್ಲಿ ಒಂದೆರಡು ಪುಟಗಳನ್ನು ಮಾತ್ರ, ಬೇಕಾದರೆ ತೀರ ಬೇರೆ ಕುಲದ ಜೀವಿಯಿಂದಲೂ, ತಂದು ಸೇರಿಸಬಹುದು. ಈ ಉಪಾಯವನ್ನು ಮನುಷ್ಯನು ಕಲಿತುದು ಮಣ್ಣಿನ ಒಂದು ಸೂಕ್ಷ್ಮಾಣುವಿನಿಂದಲೇ. ಅಗ್ರೊಬ್ಯಾಕ್ಟೀರಿಯಮ್ ಎಂಬ ಈ ಸೂಕ್ಷ್ಮಾಣುವು ಗಿಡದ ಗಾಯದೊಳಗೆ ಹೊಕ್ಕು ತನ್ನ ಡಿ.ಎನ್.ಎ.ಯ ತುಂಡೊಂದನ್ನು ಗಿಡದ ಡಿ.ಎನ್.ಎ.ಗೆ ಹೆಣೆದು ಅಲ್ಲಿ ಗಂಟನ್ನು ಎಬ್ಬಿಸುವುದು. ಇದನ್ನು 1977ರಲ್ಲಿ ಅಮೆರಿಕದ ಮೇರಿ-ಡೆಲ್ ಚಿಲ್ಟನ್ ಎಂಬಾಕೆಯೂ ಆಕೆಯ ಸಂಗಡಿಗರೂ ತೋರಿಸಿಕೊಟ್ಟರು. ಗಂಟೆಬ್ಬಿಸುವ ಜೀನನ್ನು ತೆಗೆದು ಆ ಸ್ಥಳದಲ್ಲಿ ಬೇಕಾದ ಜೀನನ್ನು ಇರಿಸಿದರೆ, ಸೂಕ್ಷ್ಮಾಣುವು ಅಂಚೆಯವನಂತೆ ಅದನ್ನು ಗಿಡಕ್ಕೆ ಮುಟ್ಟಿಸುವುದು. 1983ರಲ್ಲಿ ಈ ಮಾರ್ಗದಿಂದ ಮೊದಲನೆಯ ಕುಲಾಂತರಿ ಗಿಡಗಳು ಹುಟ್ಟಿದವು. ನಿಸರ್ಗದಲ್ಲಿಯೂ ಇದೇ ಕೆಲಸವು ನಡೆದಿರುವುದೆಂಬುದು ಆಶ್ಚರ್ಯಕರವಾದ ಸಂಗತಿ. ನಾವು ಬೇಯಿಸಿ ತಿನ್ನುವ ಸಿಹಿಗೆಣಸಿನಲ್ಲಿ ಈ ಸೂಕ್ಷ್ಮಾಣುವಿನ ಜೀನುಗಳು ಬಹು ಪೂರ್ವಕಾಲದಿಂದಲೇ ನೆಲೆಸಿವೆಯೆಂದು 2015ರಲ್ಲಿ ಕಂಡುಬಂದಿತು.

ಇನ್ನು ಬದನೆಯ ವಿಷಯಕ್ಕೆ ಬರೋಣ. ಬದನೆಯ ದೊಡ್ಡ ಶತ್ರುವು ಕುಡಿ ಮತ್ತು ಕಾಯಿ ಕೊರೆಯುವ ಹುಳು. ಪತಂಗವು ಎಲೆಯ ಮೇಲೆ ಮೊಟ್ಟೆಯಿಡುವುದು. ಮರಿಹುಳುವು ಹೊರಬಂದು ಕೆಲವೇ ಗಂಟೆಗಳಲ್ಲಿ ಕುಡಿಯನ್ನೋ ಕಾಯಿಯನ್ನೋ ಕೊರೆದು ಒಳಸೇರುವುದು. ಒಳಗೆ ಸೇರಿದ ಮೇಲೆ ಹೊರಗಿನಿಂದ ಸಿಂಪಡಿಸಿದ ಮದ್ದು ಅದಕ್ಕೆ ತಾಗಲಾರದು. ಆದುದರಿಂದಲೇ ಬದನೆಯ ಬೆಳೆಗಾರರು ಒಂದೇ ಬೆಳೆಗೆ ಹತ್ತಾರು ಸಲ ಮದ್ದು ಹೊಡೆಯುವುದುಂಟು.

ಈ ಹುಳುವಿನ ವಿರುದ್ಧ ತಂದ ಜೀನು ಬ್ಯಾಸಿಲಸ್ ತುರಿಂಜಿಯೆನ್ಸಿಸ್, ಸಂಕ್ಷೇಪವಾಗಿ ಬಿ.ಟಿ., ಎಂಬ ಸೂಕ್ಷ್ಮಾಣುವಿನದು. 1901ರಲ್ಲಿ ಜಪಾನಿನ ಇಶಿವಾಟ ಎಂಬ ಶಾಸ್ತ್ರಜ್ಞನು ರೇಷ್ಮೆಹುಳುಗಳು ಇದ್ದಕ್ಕಿದ್ದಂತೆ ಸಾಯುವ ರೋಗವನ್ನು ಪರೀಕ್ಷಿಸುವಾಗ ಇದನ್ನು ಕಂಡನು. ರೇಷ್ಮೆಯ ನಾಡಾದ ನಮ್ಮ ರಾಜ್ಯದವರಿಗೆ ಅಂಥ ರೋಗದ ಕಷ್ಟವನ್ನು ವಿವರಿಸಬೇಕಾಗಿಲ್ಲ. ಮುಂದೆ ಜರ್ಮನಿಯ ತುರಿಂಜಿಯ ಪ್ರಾಂತದ ಹಿಟ್ಟಿನ ಹುಳುಗಳಲ್ಲಿ ಇದನ್ನೇ ಕಂಡ ಬರ್ಲಿನರ್ ಎಂಬವನು 1915ರಲ್ಲಿ ಇದಕ್ಕೆ ಈಗಿನ ಹೆಸರನ್ನು ಕೊಟ್ಟನು. 1938ರಲ್ಲಿಯೇ ಫ್ರಾನ್ಸ್ ದೇಶದಲ್ಲಿ ಇದನ್ನು ಬೆಳೆಗೆ ಸಿಂಪಡಿಸುವ ಮದ್ದಾಗಿ ಮಾರುತ್ತಿದ್ದರು. ರಾಸಾಯನಿಕಗಳನ್ನು ದೂರವಿಟ್ಟ ಸಾವಯವ ಕೃಷಿಕರೂ ಇದನ್ನು ಬಳಸುವರು.

ಈ ಸೂಕ್ಷ್ಮಾಣುವು ಹರಳಿನಂಥ ಒಂದು ಪ್ರೋಟೀನನ್ನು ಮಾಡುವುದು. ಮರಿಹುಳುವಿನ ಕರುಳಿನಲ್ಲಿ ಸುಣ್ಣದ ತಿಳಿಯಂಥ ಕ್ಷಾರಗುಣವಿರುವುದರಿಂದ ಆ ಹರಳು ಅಲ್ಲಿ ಕರಗುವುದು. ಕರಗಿದ ಪ್ರೋಟೀನು ಕರುಳಿನ ಗೋಡೆಯಲ್ಲಿರುವ ಒಂದು ವಿಶೇಷವಾದ ಬೀಗಕ್ಕೆ ಬೀಗದ ಕೈಯಂತೆ ಹೊಂದಿಕೊಂಡು ಅಲ್ಲಿ ರಂಧ್ರವನ್ನುಂಟುಮಾಡುವುದು. ಹುಳುವು ತಿನ್ನುವುದನ್ನು ಬಿಟ್ಟು ಕೆಲವು ದಿನಗಳಲ್ಲಿ ಸಾಯುವುದು. ಮನುಷ್ಯನ ಜಠರದಲ್ಲಾದರೋ ಕ್ಷಾರವಿಲ್ಲ, ಆಮ್ಲವಿದೆ. ಅಲ್ಲಿ ಈ ಪ್ರೋಟೀನು ಬೇಳೆಯ ಪ್ರೋಟೀನಿನಂತೆ ಜೀರ್ಣವಾಗುವುದು. ಎರಡನೆಯದಾಗಿ, ನಮ್ಮ ಕರುಳಿನಲ್ಲಿ ಆ ಬೀಗವೇ ಇಲ್ಲ. ಮೂರನೆಯದಾಗಿ, ಬದನೆಯನ್ನು ನಾವು ಬೇಯಿಸಿ ತಿನ್ನುವೆವು. ಮೊಟ್ಟೆಯ ಬಿಳಿಯು ಬೆಂದಾಗ ರೂಪಗೆಡುವಂತೆ ಪ್ರೋಟೀನುಗಳು ಬಿಸಿಗೆ ರೂಪಗೆಡುವುವು.

"ಹುಳುವಿಗೆ ವಿಷವಾದುದು ಮಕ್ಕಳಿಗೆ ಹೇಗೆ ವಿಷವಲ್ಲ?" ಎಂಬ ಪ್ರಶ್ನೆಗೆ ಉತ್ತರವು ಇದೇ. ವಿಷವೆಂಬುದು ವಸ್ತುವಿನ ಗುಣ ಮಾತ್ರವಲ್ಲ, ತಿನ್ನುವ ದೇಹದ ಗುಣವೂ ಹೌದು. ನಮ್ಮ ಮಕ್ಕಳು ಆಸೆಪಟ್ಟು ತಿನ್ನುವ ಚಾಕೊಲೇಟು ನಾಯಿಗೆ ವಿಷವಾಗುವುದಿಲ್ಲವೆ?

ಹೀಗೆಂದ ಮಾತ್ರಕ್ಕೆ ಎಲ್ಲಾ ಕುಲಾಂತರಿ ಆಹಾರವೂ ನಿರಪಾಯವೆಂದು ಹೇಳಬಹುದೇ? ಹೇಳಬಾರದು. ಸೋಯಾ ಅವರೆಯ ಪೌಷ್ಟಿಕತೆಯನ್ನು ಹೆಚ್ಚಿಸುವುದಕ್ಕಾಗಿ ಅದಕ್ಕೆ ಬ್ರೆಜಿಲ್ ನಟ್ ಎಂಬ ಬೀಜದ ಜೀನೊಂದನ್ನು ಅಮೆರಿಕದಲ್ಲಿ ಸೇರಿಸಿದ್ದರು. ಆ ಬೀಜವು ಕೆಲವರ ಮೈಗೆ ಒಗ್ಗದು. ಅಂಥವರ ರಕ್ತದಿಂದ ಪರೀಕ್ಷಿಸಿದಾಗ, ಒಗ್ಗದ ಗುಣವು ಜೀನಿನೊಡನೆ ಸೋಯಾ ಅವರೆಗೂ ಬಂದಿತ್ತೆಂದು ತಿಳಿಯಿತು. ಇದು 1996ರಲ್ಲಿ ಪ್ರಕಟವಾಯಿತು. ಆ ಸೋಯಾ ಅವರೆಯು ಮಾರುಕಟ್ಟೆಗೆ ಬರಲೇ ಇಲ್ಲ. 2000ದಲ್ಲಿ, ದನಗಳ ಮೇವಿಗೆಂದು ಮಾತ್ರ ಅನುಮತಿ ಪಡೆದಿದ್ದ ಸ್ಟಾರ್‌ಲಿಂಕ್ ಎಂಬ ಕುಲಾಂತರಿ ಮೆಕ್ಕೆಜೋಳವು ಅಮೆರಿಕದಲ್ಲಿ ಮನುಷ್ಯರ ತಿಂಡಿಗಳಲ್ಲಿ ಸಿಕ್ಕಿತು. ಅದರಿಂದ ಮೈಗೆ ಒಗ್ಗದ ತೊಂದರೆಯಾಯಿತೆಂದು ದೂರಿತ್ತವರನ್ನು ಪರೀಕ್ಷಿಸಿದಾಗ ಅದೇ ಕಾರಣವೆಂಬುದಕ್ಕೆ ಆಧಾರವು ದೊರೆಯಲಿಲ್ಲ. ಆದರೂ ಆ ತಿಂಡಿಗಳನ್ನೆಲ್ಲಾ ಅಂಗಡಿಗಳಿಂದ ಹಿಂದೆಗೆಯಬೇಕಾಯಿತು. ಪರೀಕ್ಷೆಯು ಬೇಕೇ ಬೇಕೆಂಬುದನ್ನು ಮೊದಲನೆಯ ಸಂಗತಿಯೂ, ಬೀಜದ ಕಣಜಗಳನ್ನು ಬೇರೆ ಬೇರೆಯಾಗಿಡುವುದು ಕಷ್ಟವೆಂಬುದನ್ನು ಎರಡನೆಯ ಸಂಗತಿಯೂ ಕಲಿಸುವುವು.

ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು 2016ರಲ್ಲಿ ಹೊರಪಡಿಸಿದ ದೀರ್ಘವಾದ ವರದಿಯಲ್ಲಿ, ಅಲ್ಲಿಯ ವರೆಗೆ ಬಳಕೆಗೆ ಬಂದಿದ್ದ ಕುಲಾಂತರಿ ಆಹಾರಗಳು ಸಾಮಾನ್ಯ ಆಹಾರಗಳಿಗಿಂತ ಮನುಷ್ಯರ ಆರೋಗ್ಯಕ್ಕೆ ಹೆಚ್ಚು ಅಪಾಯಕರವೆಂಬುದಕ್ಕೆ ದೃಢವಾದ ಪ್ರಮಾಣವು ಸಿಕ್ಕಲಿಲ್ಲವೆಂದು ತಿಳಿಸಿದರು. ಅದೇ ವರದಿಯು, ಈ ಬೆಳೆಗಳೆಲ್ಲವನ್ನೂ ಒಂದೇ ಮಾತಿನಲ್ಲಿ ಹೊಗಳುವುದಾಗಲಿ ತೆಗಳುವುದಾಗಲಿ ಸರಿಯಲ್ಲವೆಂದೂ ಎಚ್ಚರಿಸಿತು. ನಾವು ಹೇಳುವುದೂ ಇದನ್ನೇ. "ಕುಲಾಂತರಿ" ಎಂಬ ಹೆಸರು ಗಿಡವನ್ನು ಮಾಡಿದ ವಿಧಾನವನ್ನು ತಿಳಿಸುವುದೇ ಹೊರತು ಅದರೊಳಗಣ ಪದಾರ್ಥವನ್ನು ತಿಳಿಸುವುದಿಲ್ಲ. ಒಲೆಯ ಮೇಲೆ ಬೇಯಿಸಿದುದೆಂದ ಮಾತ್ರದಿಂದ ಒಂದು ಪದಾರ್ಥವು ಹಿತವೋ ಅಹಿತವೋ ಎಂದು ಹೇಳಲಾಗದಷ್ಟೆ. ಪಾತ್ರೆಯೊಳಗೆ ಏನು ಹಾಕಿದ್ದಾರೆಂದು ಕೇಳಬೇಕು.

ಇಲ್ಲಿಗೆ ಹೊಟ್ಟೆಯ ಪ್ರಶ್ನೆಯು ಮುಗಿಯಿತು. ಹೊಲದ ಪ್ರಶ್ನೆಯು ಇಷ್ಟು ಸುಲಭವಲ್ಲ. ಬಿ.ಟಿ. ಜೀನುಳ್ಳ ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ದೊರೆಯಿತು. ಕೆಲವೇ ವರುಷಗಳಲ್ಲಿ ದೇಶದ ಹತ್ತಿಯ ಹೊಲಗಳ ಹೆಚ್ಚಿನ ಭಾಗವನ್ನು ಅದು ಆವರಿಸಿತು. ಮೊದಮೊದಲು ಕಾಯಿಕೊರಕದ ಹಾವಳಿಯು ತಗ್ಗಿ ರೈತರು ಸಂತೋಷಪಟ್ಟರು. ಆದರೆ ಗುಲಾಬಿ ಬಣ್ಣದ ಕಾಯಿಕೊರಕವು ಆ ಪ್ರೋಟೀನನ್ನು ತಾಳಿಕೊಳ್ಳುವ ಶಕ್ತಿಯನ್ನು ಪಡೆದುದು 2010ರ ಹೊತ್ತಿಗೆ ಗುಜರಾತಿನಲ್ಲಿ ಸ್ಪಷ್ಟವಾಯಿತು. ಎರಡು ಜೀನುಗಳುಳ್ಳ ಹತ್ತಿಯನ್ನು ತಂದಾಗ ಅದನ್ನೂ ಹುಳುವು ಕ್ರಮೇಣ ಗೆದ್ದಿತು.

ಇದು ಮೊದಲೇ ಊಹಿಸಲ್ಪಟ್ಟಿದ್ದ ಸಂಗತಿಯೇ. ಅದಕ್ಕಾಗಿಯೇ ಹೊಲದ ಅಂಚಿನಲ್ಲಿ ಸಾಧಾರಣವಾದ ಹತ್ತಿಯ ಸಾಲುಗಳನ್ನು ಬೆಳೆಯಬೇಕೆಂಬ ನಿಯಮವಿತ್ತು. ಆ ಸಾಲುಗಳಲ್ಲಿ ಬದುಕಿದ ಸಾಧಾರಣ ಹುಳುಗಳು ಪತಂಗಗಳಾಗಿ, ವಿಷವನ್ನು ತಾಳಿದ ಒಂದೆರಡು ಪತಂಗಗಳೊಡನೆ ಕೂಡುವುವು. ಆಗ ಅವುಗಳ ಸಂತತಿಯಲ್ಲಿ ತಾಳುವ ಶಕ್ತಿಯು ಬೇಗನೆ ನೆಲೆಗೊಳ್ಳದು. ಆದರೆ ಸಣ್ಣ ಹಿಡುವಳಿಯ ರೈತನು ಹುಳುವಿಗೆಂದು ತನ್ನ ನೆಲದ ಪಾಲನ್ನು ಬಿಡುವನೇ? ಬಹುಮಂದಿ ಬಿಡಲಿಲ್ಲ. ಹೀಗೆ ಒಳ್ಳೆಯ ಉಪಕರಣವೂ ಅಜಾಗ್ರತೆಯಿಂದ ಮೊಂಡಾಗುವುದು. ಬದನೆಯ ವಿಷಯದಲ್ಲಿ ಇನ್ನೊಂದು ಎಚ್ಚರಿಕೆಯೂ ಅಗತ್ಯ. ಬದನೆಯು ಬಹು ಕಾಲದಿಂದ ನಮ್ಮ ದೇಶದಲ್ಲಿ ಬೆಳೆದುಬಂದ ಗಿಡ. ಅದರ ಕಾಡುನಂಟರು ಬೇಲಿಬದಿಗಳಲ್ಲಿ ಈಗಲೂ ಇರುವುವು. ಜೇನುನೊಣಗಳು ಪರಾಗವನ್ನು ಒಯ್ಯುವಾಗ ಈ ಹೊಲ ಆ ಬೇಲಿ ಎಂದು ನೋಡುವುದಿಲ್ಲ.

ಮೂರನೆಯದು ಬೀಜದ ಪ್ರಶ್ನೆ. ಉಡುಪಿಯ ಸಮೀಪದ ಮಟ್ಟು ಎಂಬ ಊರಿನ ಗುಳ್ಳವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಹಸುರು ಬಣ್ಣದ, ತೆಳ್ಳಗಿನ ಸಿಪ್ಪೆಯ, ದುಂಡಗಿನ ಆ ಕಾಯಿಗೆ ಆ ನೆಲದ್ದೇ ಆದ ರುಚಿಯಿದೆ. 2011ರಲ್ಲಿ ಅದಕ್ಕೆ ಸರಕಾರದ ಭೌಗೋಳಿಕ ಗುರುತೂ ದೊರೆಯಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯವು ಬಿ.ಟಿ. ಜೀನನ್ನು ಮಾಲಾಪುರ, ಉಡುಪಿ ಮೊದಲಾದ ಸ್ಥಳಗಳ ನಾಡತಳಿಗಳಿಗೆ ಸೇರಿಸುವ ಕೆಲಸವನ್ನು ಕೈಕೊಂಡಿತ್ತು. ನಾಡತಳಿಯಾದರೆ ರೈತನು ಬೀಜವನ್ನು ತಾನೇ ಕಟ್ಟಿಟ್ಟುಕೊಂಡು ಮರುವರುಷ ಬಿತ್ತಬಹುದೆಂಬ ಅನುಕೂಲವು ಅದರಲ್ಲಿದ್ದಿತು. ಆದರೆ ಈ ನಾಡತಳಿಗಳನ್ನು ಬಳಸುವಾಗ ಕಾನೂನಿಗೆ ಅನುಸಾರವಾದ ಅನುಮತಿಯನ್ನು ಪಡೆಯಲಿಲ್ಲವೆಂದು ದೂರು ಹುಟ್ಟಿತು. 2011ರಲ್ಲಿ ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರವು ಈ ಕಾರ್ಯದಲ್ಲಿ ಸೇರಿದವರ ಮೇಲೆ ಕಾನೂನಿನ ಕ್ರಮವನ್ನು ಕೈಕೊಳ್ಳಲು ನಿರ್ಧರಿಸಿತು. ತಲೆತಲಾಂತರದಿಂದ ಬೀಜವನ್ನು ಕಾಪಾಡಿದವರು ರೈತರು, ಅವರ ಮನೆಯ ಹೆಂಗಸರು. ಅದಕ್ಕೆ ಒಂದು ಜೀನನ್ನು ಸೇರಿಸಿದವರಿಗೆ ಎಷ್ಟು ಹಕ್ಕು, ಕಾಪಾಡಿದವರಿಗೆ ಎಷ್ಟು ಹಕ್ಕು? ಈ ಪ್ರಶ್ನೆಗೆ ಯಾವ ಪ್ರಯೋಗಶಾಲೆಯೂ ಉತ್ತರ ಕೊಡಲಾರದು, ನ್ಯಾಯವೇ ಕೊಡಬೇಕು. ನಮ್ಮ ದೇಶದ 2001ರ ಕಾಯಿದೆಯೊಂದು ರೈತನಿಗೆ ಬೀಜವನ್ನು ಉಳಿಸುವ, ಬಿತ್ತುವ, ಹಂಚುವ ಹಕ್ಕನ್ನು ಕೊಟ್ಟಿರುವುದೆಂಬುದನ್ನು ಎಲ್ಲರೂ ತಿಳಿದಿರತಕ್ಕದ್ದು.

ಈ ಮೂರು ಪ್ರಶ್ನೆಗಳು ತೊಡಕಾದುದರ ಫಲವು 2010ರಲ್ಲಿ ಕಂಡುಬಂದಿತು. ಅದರ ಹಿಂದಿನ ವರುಷದ ಅಕ್ಟೋಬರಿನಲ್ಲಿ ತಜ್ಞರ ಸಮಿತಿಯು ಬಿ.ಟಿ. ಬದನೆಗೆ ಒಪ್ಪಿಗೆಯಿತ್ತಿತ್ತು. ಆಗ ಪರಿಸರ ಸಚಿವರಾಗಿದ್ದ ಜೈರಾಮ್ ರಮೇಶರು ಬೆಂಗಳೂರೂ ಸೇರಿದಂತೆ ಏಳು ನಗರಗಳಲ್ಲಿ ಜನರ ಅಭಿಪ್ರಾಯವನ್ನು ಕೇಳಿ, 2010ರ ಫೆಬ್ರವರಿ 9ರಂದು ಅದನ್ನು ತಡೆಹಿಡಿದರು. ಶಾಸ್ತ್ರಜ್ಞರಲ್ಲಿ ಒಮ್ಮತವಿಲ್ಲ, ಕರ್ನಾಟಕವೂ ಸೇರಿ ಅನೇಕ ರಾಜ್ಯಗಳು ಒಪ್ಪಲಿಲ್ಲ, ಸ್ವತಂತ್ರವಾದ ಪರೀಕ್ಷೆಯು ಸಾಲದು ಎಂಬವು ಅವರ ಕಾರಣಗಳು. ಈ ಕಡೆಯ ಕಾರಣವು ತೂಕವುಳ್ಳದ್ದು. ಬೀಜವನ್ನು ಮಾರುವವರೇ ಮಾಡಿಸಿದ ಪರೀಕ್ಷೆಯು ಸರಿಯಾಗಿದ್ದರೂ ಜನರ ನಂಬಿಕೆಯನ್ನು ಗಳಿಸಲಾರದು.

ಆದರೆ ತಡೆಯುವುದಕ್ಕೂ ಬೆಲೆಯುಂಟು. ನೆರೆಯ ಬಾಂಗ್ಲಾದೇಶವು 2013ರಲ್ಲಿ ನಾಲ್ಕು ಬಿ.ಟಿ. ಬದನೆಯ ತಳಿಗಳಿಗೆ ಅನುಮತಿಯಿತ್ತು, 2014ರಲ್ಲಿ 20 ಮಂದಿ ರೈತರಿಗೆ ಸಸಿಗಳನ್ನು ಹಂಚಿತು. ಮುಂದೆ ಅಲ್ಲಿ ನಡೆದ ಪರಿಶೀಲನೆಯಲ್ಲಿ ಮದ್ದಿನ ವೆಚ್ಚವು ಸರಿಸುಮಾರಾಗಿ ಅರ್ಧಕ್ಕೆ ಇಳಿದುದೂ ಇಳುವರಿಯು ಹೆಚ್ಚಿದುದೂ ಕಂಡುಬಂದವು. ನಮ್ಮ ದೇಶದಲ್ಲಾದರೋ 2019ರಲ್ಲಿ ಹರಿಯಾಣದ ಫತೇಹಾಬಾದ್ ಜಿಲ್ಲೆಯಲ್ಲಿ ಅನುಮತಿಯಿಲ್ಲದೆ ಬೆಳೆದ ಬಿ.ಟಿ. ಬದನೆಯು ಪತ್ತೆಯಾಯಿತು. ಬಾಗಿಲನ್ನು ಮುಚ್ಚಿ ಕಾವಲನ್ನು ಇಡದಿದ್ದರೆ ವಸ್ತುವು ಹಿತ್ತಲಿನಿಂದ ಬರುವುದೆಂಬುದಕ್ಕೆ ಇದು ಸಾಕ್ಷಿ. 2022ರಲ್ಲಿ ಕುಲಾಂತರಿ ಸಾಸಿವೆಗೆ ಷರತ್ತಿನ ಮೇಲೆ ಅನುಮತಿ ದೊರೆತಾಗ ವಿವಾದವು ಸರ್ವೋಚ್ಚ ನ್ಯಾಯಾಲಯಕ್ಕೆ ಏರಿತು; 2024ರ ಜುಲೈ ತಿಂಗಳಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾದ ತೀರ್ಪನ್ನಿತ್ತರು. ಆದರೆ ಇಂಥ ಬೆಳೆಗಳ ವಿಷಯವಾಗಿ ರಾಷ್ಟ್ರಕ್ಕೆ ಒಂದು ನೀತಿಯು ಬೇಕೆಂಬುದರಲ್ಲಿ ಇಬ್ಬರೂ ಒಂದಾದರು.

ಇನ್ನು ನಮ್ಮ ಹಳೆಯ ವಿದ್ಯಾರ್ಥಿನಿಗೆ ಉತ್ತರ. ಅಮ್ಮಾ, ಆ ಬದನೆಯನ್ನು ಮಕ್ಕಳು ತಿಂದರೆ ಹುಳುವಿಗಾದಂತೆ ಆಗುವುದೆಂಬ ಭಯವನ್ನು ನೀನು ಬಿಡಬಹುದು. ಹೊಲದಲ್ಲಿ ಅದು ಬಹುಕಾಲ ಉಪಯೋಗಕ್ಕೆ ಬರುವುದೇ ಎಂಬುದು ಬೆಳೆಯುವವರ ಶಿಸ್ತಿನ ಮೇಲೆ ನಿಂತಿದೆ. ಬೀಜವು ನಿನ್ನ ಮನೆಯ ಮಡಕೆಯಲ್ಲಿ ಉಳಿಯುವುದೇ ಎಂಬುದನ್ನು ನೀವು ಕೇಳಿ ತಿಳಿದುಕೊಳ್ಳಬೇಕು. ಕೇಳುವುದು ನಿಮ್ಮ ಹಕ್ಕು. ಆದರೆ ನೀನು ಕಡೆಯಲ್ಲಿ ಹೇಳಿದ ಮಾತನ್ನು ನಾವು ಮೊದಲನೆಯದಾಗಿ ಎಣಿಸುವೆವು. ಕುಲಾಂತರಿ ಬದನೆಯಿಂದ ಬರಬಹುದಾದ ಅಪಾಯವನ್ನು ಲೋಕವೆಲ್ಲಾ ಕೂತು ತೂಗುತ್ತಿರುವಾಗ, ಈಗಿನ ಬದನೆಯ ಅಪಾಯವನ್ನು ನಿನ್ನ ಗಂಡನು ಬೆನ್ನಮೇಲೆ ಹೊತ್ತು ಸಾಲುಸಾಲಾಗಿ ನಡೆಯುತ್ತಿದ್ದಾನೆ. ಅವನ ತಲೆನೋವನ್ನು ತಕ್ಕಡಿಯಲ್ಲಿಡದೆ ಯಾರು ತೂಗಿದರೂ ಆ ತೂಕವು ಸರಿಯಲ್ಲ. ಹೊಸ ಬೀಜವು ಬರಲಿ ಬಾರದಿರಲಿ, ಮದ್ದು ಹೊಡೆಯುವಾಗ ಬಾಯಿ ಮೂಗು ಕೈಗಳನ್ನು ಮುಚ್ಚಿಕೊಳ್ಳುವುದನ್ನೂ, ಗಾಳಿಗೆ ಎದುರಾಗಿ ಹೊಡೆಯದಿರುವುದನ್ನೂ, ಹುಳು ಬಿದ್ದ ಕುಡಿ ಕಾಯಿಗಳನ್ನು ಕಿತ್ತು ನಾಶಮಾಡುವುದನ್ನೂ, ಗಂಡು ಪತಂಗಗಳನ್ನು ಹಿಡಿಯುವ ಮೋಹಕ ಬಲೆಗಳನ್ನು ಕಟ್ಟುವುದನ್ನೂ ಇಂದೇ ಆರಂಭಿಸಬಹುದು. ತಲೆನೋವು ಮರುಕಳಿಸಿದರೆ ಆತನನ್ನು ತಪ್ಪದೆ ವೈದ್ಯರಿಗೆ ತೋರಿಸು.

ನಿನ್ನ ಮಗಳು ಈಗ ನಮ್ಮ ತರಗತಿಯಲ್ಲಿರುವಳು. ಮೊನ್ನೆ ಸೂಕ್ಷ್ಮದರ್ಶಕದಲ್ಲಿ ಈರುಳ್ಳಿಯ ಸಿಪ್ಪೆಯ ಜೀವಕೋಶಗಳನ್ನು ನೋಡಿ, "ಇದರೊಳಗೆ ಬರೆದದ್ದನ್ನು ಯಾರು ಓದುತ್ತಾರೆ, ಟೀಚರೇ?" ಎಂದು ಕೇಳಿದಳು. "ನೀನೇ ಓದಬಹುದು, ಕಲಿ" ಎಂದು ಹೇಳಿದೆವು.